ಮೈ ದೂರ, ದನಿ ಹತ್ತಿರ

ಪರದೆಯ ಮೇಲೆ ಆ ಹೆಂಗಸು ಬೆನ್ನು ತಿರುಗಿಸಿ ರಂಗದ ಆಳಕ್ಕೆ ನಡೆದುಹೋಗುತ್ತಿದ್ದಳು. ಹೆಗಲ ಮೇಲೆ ಮೂಟೆ, ಮುಖಕ್ಕೆ ಬಿಳಿ ಮುಖವಾಡ. ಒಂದೊಂದು ಹೆಜ್ಜೆಗೂ ಸಣ್ಣಗಾಗುತ್ತಾ, ನೀಲಿ ಬೆಳಕಿನಲ್ಲಿ ಕರಗುತ್ತಾ, ನೀರೊಳಗೆ ಇಳಿಯುತ್ತಿರುವವಳ ಹಾಗೆ.

“ಅಲ್ಲೇ ನಿಲ್ಲಿಸಪ್ಪ,” ಅಂದರು ದೊಡ್ಡಮ್ಮ.

ಲೆನ್ಸು ಗುಂಡಿ ಒತ್ತಿದ. ಹೆಂಗಸು ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಟ್ಟಳು.

ಹೊರಗೆ ಸುಡು ಮಧ್ಯಾಹ್ನ. ವಿಭಾಗದ ಸಿನಿಮಾ ಕೋಣೆಯೊಳಗೆ ಮಾತ್ರ ಹಗಲು ಯಾವುದು, ಸಂಜೆ ಯಾವುದು ಎಂದು ಗೊತ್ತಾಗುವ ಹಾಗಿರಲಿಲ್ಲ. ಗೋಡೆಗೆ ಕಪ್ಪು ಬಣ್ಣ, ಕಿಟಕಿಗೆ ಕಪ್ಪು ಬಟ್ಟೆ. ಬಟ್ಟೆಯ ಒಂದು ತೂತಿನಿಂದ ನುಸುಳಿದ ಬಿಸಿಲಿನ ಎಳೆಯಲ್ಲಿ ಧೂಳು ಆತುರವಿಲ್ಲದೆ ತೇಲುತ್ತಿತ್ತು.

ಎಂ.ಎ. ಕೊನೆಯ ವರ್ಷದ ಹುಡುಗಿ ಗುಬ್ಬಿ, ಪರೀಕ್ಷಕರ ಎದುರು ತಾನೇ ಬರೆದ ನಾಟಕ ಆಡಿ, ಕಡೆಗೆ ಇದೇ ರೀತಿ ಹಿಂದಿನ ಪರದೆಯತ್ತ ನಡೆದುಹೋದವಳು ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚಪ್ಪಾಳೆ ತಟ್ಟಿದವರು ತಟ್ಟಿ ತಟ್ಟಿ ಸುಸ್ತಾದರು. ಒಳಗೆ ಹೋಗಿ ನೋಡಿದರೆ ಮುಖವಾಡ ಒಂದು ಕುರ್ಚಿಯ ಮೇಲೆ ಅಂಗಾತ ಮಲಗಿತ್ತು, ಅಷ್ಟೆ.

“ಇನ್ನೊಂದು ಸಲ ಹಾಕು. ಎರಡನೇ ಅರ್ಧದ ಶುರುವಿನಿಂದ.”

“ಎಷ್ಟು ಸಲ ನೋಡ್ತೀರಿ ದೊಡ್ಡಮ್ಮ?” ಅಂದ ಲೆನ್ಸು. ಆದರೂ ಹಾಕಿದ.

ಲೆನ್ಸು ಅನ್ನುವುದು ಅವನ ಹೆಸರಲ್ಲ. ಮೂವತ್ತು ದಾಟಿದ ಮೇಲೆ, ಊರಿನವರ ಮದುವೆಗಳನ್ನೆಲ್ಲ ವಿಡಿಯೋ ಮಾಡಿ ಬೇಸತ್ತು, ಸಿನಿಮಾ ಓದುತ್ತೇನೆ ಅಂತ ಬಂದವನು. ಕಣ್ಣಿಗೆ ಕ್ಯಾಮೆರಾ ಇಲ್ಲದಿದ್ದರೆ ಅವನಿಗೆ ಎದುರಿಗಿದ್ದವರ ಮುಖ ನೋಡಿ ಮಾತಾಡಲೂ ನಾಚಿಕೆ. ಗುಬ್ಬಿಯ ಈ ನಾಟಕವನ್ನು ವಿಡಿಯೋ ಮಾಡಿದವನೂ ಅವನೇ.

ದೊಡ್ಡಮ್ಮನ ಕಥೆ ಇನ್ನೂ ವಿಚಿತ್ರ. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿ, ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬೇಕಾದ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಾಟಕ, ಸಿನಿಮಾ, ಸಾಹಿತ್ಯ ಓದಲು ಬಂದವರು. ಇದೇನಮ್ಮ ಹುಚ್ಚು ಅಂತ ಮಗಳು ಕೇಳಿದ್ದಕ್ಕೆ, ಇಷ್ಟು ವರ್ಷ ಸಂಬಳ ತಗೊಂಡು ಠಾಣೆಯಲ್ಲಿ ನಟನೆ ನೋಡಿದೆ, ಇನ್ನು ಫೀಸು ಕಟ್ಟಿ ನೋಡ್ತೀನಿ ಅಂದಿದ್ದರು. ಜೊತೆಯವರು ಮೊದಮೊದಲು ಮೇಡಂ ಅಂದರು, ಆಮೇಲೆ ಆಂಟಿ ಅಂದರು. ಒಂದು ದಿನ ಗುಬ್ಬಿಯ ಬಾಯಲ್ಲಿ ದೊಡ್ಡಮ್ಮ ಅಂತ ಬಂತು. ಅದೇ ನಿಂತಿತು.

ಆ ಹುಡುಗಿ ಅಂದರೆ ದೊಡ್ಡಮ್ಮನಿಗೆ ಜೀವ. ತರಗತಿಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದಳು. ಇವರು ಕನ್ನಡಕ ಮರೆತು ಬಂದರೆ ಪಾಠವನ್ನು ಕಿವಿಯಲ್ಲಿ ಪಿಸುಗುಟ್ಟಿ ಓದಿ ಹೇಳುತ್ತಿದ್ದಳು. ಮನೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅವರಿವರ ಮನೆಯಲ್ಲಿ ಬೆಳೆದೆ ಅಂತ ಒಂದು ಸಲ ನಕ್ಕು ಹೇಳಿದ್ದಷ್ಟೇ. ಕೆದಕಬಾರದು ಅಂತ ದೊಡ್ಡಮ್ಮನೂ ಸುಮ್ಮನಾಗಿದ್ದರು.

ಪರದೆಯ ಮೇಲೆ ನೀಲಿ ಬೆಳಕು ಮೆಲ್ಲನೆ ಹತ್ತಿಕೊಂಡಿತು.

ನಾಟಕದ ಹೆಸರು ‘ನಿದ್ದೆ ಮಾರುವವಳು’. ನಿದ್ದೆ ಬಾರದ ಊರಿಗೆ ಒಬ್ಬ ಹುಡುಗಿ ಮೂಟೆ ಹೊತ್ತು ಬರುತ್ತಾಳೆ. ಮನೆ ಮನೆಗೆ ಹೋಗಿ ಚಿಟಿಕೆ ಚಿಟಿಕೆ ನಿದ್ದೆ ಮಾರುತ್ತಾಳೆ. ಮೊದಲರ್ಧ ತುಂಬಾ ಜನ, ನಗು, ಚೌಕಾಸಿ. ಎರಡನೇ ಅರ್ಧದಲ್ಲಿ ಊರೆಲ್ಲ ಮಲಗಿರುತ್ತದೆ, ಅವಳಿಗೆಂದು ನಿದ್ದೆ ಉಳಿದಿರುವುದಿಲ್ಲ. ಮುಖವನ್ನೂ ಯಾರಿಗೋ ಮಾರಿಬಿಟ್ಟಿರುತ್ತಾಳೆ. ಅದಕ್ಕೇ ಆ ಬಿಳಿ ಮುಖವಾಡ. ಇಡೀ ರಂಗದಲ್ಲಿ ಅವಳೊಬ್ಬಳೇ ಓಡಾಡಿಕೊಂಡು, ಮಲಗಿದ ಊರಿನ ಜೊತೆ ಮಾತಾಡುತ್ತಾಳೆ.

ಈ ಸಲ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು.

ದನಿ ಗುಬ್ಬಿಯದೇ. ಅದರಲ್ಲಿ ಎರಡು ಮಾತಿಲ್ಲ. ಮಾತಿನ ಕೊನೆಗೆ ತುಸು ತೊದಲಿ, ಮತ್ತೆ ಸಾವರಿಸಿಕೊಳ್ಳುವ ಅದೇ ದನಿ. ಕಿವಿಯ ಪಕ್ಕದಲ್ಲೇ ಕೂತು ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು. ದೊಡ್ಡಮ್ಮನಿಗೆ ಒಂದು ಗಳಿಗೆ ತರಗತಿಯಲ್ಲೇ ಇದ್ದೇನೆ ಅನ್ನಿಸಿತು. ಕಣ್ಣು ಬಿಟ್ಟರು. ಹೆಂಗಸು ರಂಗದ ತೀರಾ ಹಿಂದೆ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮತ್ತೆ ಕಣ್ಣು ಮುಚ್ಚಿದರು. ಹುಡುಗಿ ಕಿವಿಯ ಹತ್ತಿರ. ಬಿಟ್ಟರು. ಹೆಂಗಸು ಅಷ್ಟು ದೂರ.

“ಮೊದಲರ್ಧ ಸ್ವಲ್ಪ ತೋರಿಸು,” ಅಂದರು. ಅವರ ದನಿ ಬದಲಾಗಿತ್ತು. ಠಾಣೆಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವರಿದ್ದರೆ ಆ ದನಿಗೆ ಎದ್ದು ನಿಲ್ಲುತ್ತಿದ್ದರು.

ಮೊದಲರ್ಧದಲ್ಲಿ ಗುಬ್ಬಿ ಓಡಿದರೆ ಮಾತು ಏದುಸಿರಲ್ಲಿ ತುಂಡಾಗುತ್ತಿತ್ತು. ಹಿಂದಕ್ಕೆ ಹೋದರೆ ದನಿ ತೆಳ್ಳಗಾಗುತ್ತಿತ್ತು. ಮೂಟೆ ಎತ್ತುವಾಗ ಒಂದು ಸಣ್ಣ ಮುಲುಕು ಬರುತ್ತಿತ್ತು. ಎರಡನೇ ಅರ್ಧದಲ್ಲಿ ಅದೇ ಮೂಟೆ ಎತ್ತಿದಳು, ಇಳಿಸಿದಳು, ಬಗ್ಗಿದಳು, ಸುತ್ತಿದಳು. ದನಿ ಮಾತ್ರ ಕೂತಲ್ಲೇ ಕೂತಿತ್ತು.

“ಇಲ್ಲಿ ನೋಡಪ್ಪ. ಮೈ ದೂರ ಹೋಯ್ತು, ದನಿ ಹೋಗಲಿಲ್ಲ. ಸಿನಿಮಾದಲ್ಲಿ ಇದಕ್ಕೆ ಏನಂತೀರಿ?”

ಲೆನ್ಸು ಗುಂಡಿಗಳನ್ನೇ ನೋಡುತ್ತಾ ಕೂತ. “ಮೈಕ್ ಇತ್ತೇನೋ.”

“ನಮ್ಮ ನಾಟಕದ ಮೇಷ್ಟ್ರು ಮೈಕ್ ಹಾಕೋದಕ್ಕೆ ಬಿಡ್ತಾರಾ? ಮೈಕ್ ಅಂದ್ರೆ ಊಟ ಬಿಡೋ ಮನುಷ್ಯ ಅವರು. ಕೇಳಿದ್ದಕ್ಕೆ ಹೇಳು, ಏನಂತೀರಿ?”

“ಡಬ್ಬಿಂಗು,” ಅಂದ, ಸಣ್ಣಗೆ.

ಆ ಹೊತ್ತಿಗೆ ಹಿಂದಿನ ಕುರ್ಚಿಯಿಂದ ಒಂದು ಕೈ ಬಂದು ದೊಡ್ಡಮ್ಮನ ತೋಳು ಹಿಡಿಯಿತು. ಗುಬ್ಬಿಯ ಅಕ್ಕ. ಸುದ್ದಿ ತಿಳಿದ ಮಾರನೆಯ ದಿನವೇ, ಒಂದು ಕೈಚೀಲ ಹಿಡಿದುಕೊಂಡು ವಿಭಾಗದ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಬಣ್ಣ ಮಾಸಿದ ಸೀರೆ, ಅತ್ತು ಅತ್ತು ಊದಿದ ಕಣ್ಣು. ಎಲ್ಲಿ ಇಳಿದುಕೊಂಡಿದ್ದೀಯಮ್ಮ ಅಂದರೆ ಎಲ್ಲೂ ಇಲ್ಲ ಅಂದಿದ್ದಳು. ದೊಡ್ಡಮ್ಮನ ಕರುಳು ಚುರುಕ್ ಅಂದಿತು. ಮನೆಗೆ ಕರೆದುಕೊಂಡು ಹೋಗಿ ತಮ್ಮ ಕೋಣೆಯಲ್ಲೇ ಹಾಸಿಗೆ ಹಾಸಿಕೊಟ್ಟಿದ್ದರು. ಅವತ್ತಿನಿಂದ ಆಕೆ ದೊಡ್ಡಮ್ಮನ ನೆರಳಿನ ಹಾಗೆ ಜೊತೆಗೇ ಇದ್ದಳು.

“ಹಾಗಾದ್ರೆ ಅಲ್ಲಿರೋದು ನನ್ನ ತಂಗಿ ಅಲ್ವಾ?”

“ದನಿ ನಿನ್ನ ತಂಗಿದೇ ಕಣಮ್ಮ. ಮೊದಲೇ ಎಲ್ಲೋ ಮಾತಾಡಿ ಇಟ್ಟಿದ್ದು. ಸಂಗೀತ ಬರುವ ಸ್ಪೀಕರಿಂದಲೇ ಬಿಟ್ಟಿದಾರೆ, ಅದಕ್ಕೆ ನಮಗೆ ಗೊತ್ತಾಗಲಿಲ್ಲ. ಮೈ ಬೇರೆ ಯಾರದೋ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಂದರ ಹಿಂದೆ ಒಂದು ಕೇಳಿದಳು. ಅರ್ಧ ನಾಟಕಕ್ಕೇ ಹೊರಟುಹೋದಳಾ, ಎಲ್ಲಿಗೆ ಹೋಗಿರುತ್ತಾಳೆ, ಯಾರ ಹತ್ತಿರ ಬಾಯಿ ಬಿಟ್ಟಿರುತ್ತಾಳೆ, ಇಲ್ಲಿ ಅವಳಿಗೆ ಆಪ್ತರು ಅಂತ ಯಾರಿದ್ದರು. ಪಾಪ, ಸಂಕಟ ಅಂತ ದೊಡ್ಡಮ್ಮ ಅವಳ ಕೈ ಸವರಿದರು.

ಇನ್ನೊಂದು ವಿಷಯವೂ ಅವರ ಕಣ್ಣಿಗೆ ಬಿದ್ದಿತ್ತು. ಮೊದಲರ್ಧದಲ್ಲಿ ಕ್ಯಾಮೆರಾ ಗುಬ್ಬಿಯ ಹಿಂದೆ ಹಿಂದೆ ಗಾಳಿಪಟದ ಹಾಗೆ ತೇಲುತ್ತಿತ್ತು. ಆಮೇಲೆ ಕಂಬದ ಹಾಗೆ ಒಂದೇ ಕಡೆ ನಿಂತುಬಿಟ್ಟಿತ್ತು. ಯಾಕೆ ಅಂತ ಕೇಳಿದರು. ಕೈ ಸೋತಿತ್ತು, ಸ್ಟ್ಯಾಂಡಿಗೆ ಹಾಕಿದೆ ಅಂದ ಲೆನ್ಸು.

ದೊಡ್ಡಮ್ಮನ ಗಮನ ಆಗಲೇ ಬೇರೆ ಕಡೆ ಹೋಗಿತ್ತು. ಪರದೆಯ ಮೇಲೆ ಆ ಹೆಂಗಸು ಮೂಟೆಯನ್ನು ಮಗುವಿನ ಹಾಗೆ ಅಪ್ಪಿಕೊಂಡು ನೆಲಕ್ಕೆ ಕೂತಿದ್ದಳು. ನೋಡನೋಡುತ್ತಿದ್ದಂತೆ ಎದ್ದಳು. ಕೈ ಊರಲಿಲ್ಲ, ಮೊಣಕಾಲು ಹಿಡಿದುಕೊಳ್ಳಲಿಲ್ಲ. ಯಾರೋ ನೆತ್ತಿಗೆ ದಾರ ಕಟ್ಟಿ ಮೇಲಕ್ಕೆ ಎಳೆದ ಹಾಗೆ, ಹೊಗೆ ಏಳುವ ಹಾಗೆ ಎದ್ದಳು. ಎರಡೂ ಮಂಡಿ ನೋವಿನ ದೊಡ್ಡಮ್ಮನಿಗೆ ಹೊಟ್ಟೆಕಿಚ್ಚಾಯಿತು. ಇಂಥ ಏಳುವಿಕೆ ಇವತ್ತು ಕಲಿತು ನಾಳೆ ಬರುವಂಥದ್ದಲ್ಲ. ಇದು ರಂಗದಲ್ಲಿ ಪಳಗಿದ ಹಳೆಯ ಮೈ.

“ಮೇಷ್ಟ್ರ ಮನೆಗೆ ಹೋಗೋಣ ನಡಿ,” ಅಂದರು.

ಲೆನ್ಸುವಿನ ಹಳೆಯ ಕಾರು. ದೊಡ್ಡಮ್ಮ ಮುಂದೆ, ಅಕ್ಕ ಹಿಂದೆ. ಊಟದ ಹೊತ್ತು ಮುಗಿದು ಬೀದಿಗಳು ಜೊಂಪು ಹಿಡಿದಿದ್ದವು. ಅಂಗಡಿಗಳ ಬಾಗಿಲು ಅರ್ಧ ಇಳಿದಿತ್ತು. ದರ್ಜಿಯೊಬ್ಬ ಮಿಷನ್ನಿನ ಮೇಲೇ ತಲೆಯಿಟ್ಟು ಮಲಗಿದ್ದ. ಗುಬ್ಬಿಯ ಮೂಟೆ ಈ ಬೀದಿಯಲ್ಲೇ ಎಲ್ಲೋ ಬಿಚ್ಚಿಕೊಂಡಿರಬೇಕು ಅನ್ನಿಸಿತು ದೊಡ್ಡಮ್ಮನಿಗೆ.

ಅವರಿಗೂ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಹಳೆಯ ಠಾಣೆ ಕಂಡಿತು. ಮೇಜಿನ ಆಚೆ ಬಿಳಿ ಮುಖವಾಡದವಳು ನಿಂತು ಏನೋ ದೂರು ಹೇಳುತ್ತಿದ್ದಳು. ತುಟಿ ಅಲ್ಲಾಡುತ್ತಿರಲಿಲ್ಲ. ಜೋರಾಗಿ ಹೇಳಮ್ಮ ಅಂದರೆ ಮುಖವಾಡ ಬಿಚ್ಚಿ ಕೈಗೆ ಕೊಟ್ಟಳು, ಅದು ಬೆಚ್ಚಗಿತ್ತು. ಕಾರು ನಿಂತಾಗ ಎಚ್ಚರವಾಯಿತು. ಅಕ್ಕ ಮುಂದಕ್ಕೆ ಬಾಗಿ, ನಿಮಗೂ ನನ್ನ ತಂಗಿಗೂ ತುಂಬಾ ಸ್ನೇಹವಂತಲ್ಲ ಅಂತ ಲೆನ್ಸುವನ್ನು ಮೆತ್ತಗೆ ಕೇಳುತ್ತಿದ್ದಳು. ಅವನು ಎಂಜಿನ್ ಆರಿಸಿ ಕನ್ನಡಿ ಸರಿ ಮಾಡಿಕೊಂಡ.

“ನೀವಿಬ್ಬರೂ ಇಲ್ಲೇ ಇರಿ. ಇದು ನಾಲ್ಕು ಜನ ಕೂತು ಮಾತಾಡೋ ಮಾತಲ್ಲ,” ಅಂದು ದೊಡ್ಡಮ್ಮ ಗೇಟು ತೆರೆದರು.

ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲೂ ಮೇಷ್ಟ್ರ ಹೆಸರೇ ಇತ್ತು. ನಾಟಕಕ್ಕೆ ಮುಂಚೆ ಗುಬ್ಬಿಯ ಮೇಲೆ ಅವರು ರೇಗಾಡಿದ್ದನ್ನು, ಅವಳು ಅಳುತ್ತಾ ಹೊರಗೆ ಬಂದಿದ್ದನ್ನು ನೋಡಿದವರಿದ್ದರು. ಠಾಣೆಯವರು ಒಂದು ಸಲ ಬಂದು ಮಾತಾಡಿಸಿ, ವಯಸ್ಸಿಗೆ ಬಂದ ಹುಡುಗಿ, ತಾನೇ ಬರ್ತಾಳೆ ಅಂತ ಕೈ ತೊಳೆದುಕೊಂಡಿದ್ದರು.

ಮೇಷ್ಟ್ರು ಗೋಡೆಯುದ್ದಕ್ಕೂ ಪುಸ್ತಕ ತುಂಬಿದ ಹಜಾರದಲ್ಲಿ ಕೂತು ಯಾರದೋ ಪ್ರಬಂಧವನ್ನು ತಿದ್ದಿ ಕೆಂಪು ಮಾಡುತ್ತಿದ್ದರು. ಎತ್ತರದ ಆಳು, ಬೆಳ್ಳಗಿನ ಜುಟ್ಟು, ಕೂತಲ್ಲೇ ರಂಗದ ಮೇಲಿರುವ ಹಾಗೆ ಕೂರುವ ಅಭ್ಯಾಸ. ದೊಡ್ಡಮ್ಮನನ್ನು ನೋಡಿ, ಪಾಠಕ್ಕೆ ಬಂದಿರೋ ವಿಚಾರಣೆಗೆ ಬಂದಿರೋ ಅಂದರು.

“ಎರಡಕ್ಕೂ ಸರ್. ಒಂದು ಅನುಮಾನ ಇತ್ತು.”

ಮೇಷ್ಟ್ರ ಹೆಂಡತಿ ಒಳಗಿನಿಂದ ಚಹಾ ತಂದಿಟ್ಟು, ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತರು. ಯಾವಾಗಲೂ ಹಾಗೇ. ವಿಭಾಗದಲ್ಲಿ ನಾಟಕ ಇದ್ದಾಗಲೆಲ್ಲ ವೇಷದ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ ತರುವವರು, ಮುಗಿದ ಮೇಲೆ ಗಂಟು ಕಟ್ಟಿಕೊಂಡು ಹೋಗುವವರು ಅವರೇ. ಬಂದಾಗ ಬಂದರು ಅಂತಲಾಗಲಿ, ಹೋದಾಗ ಹೋದರು ಅಂತಲಾಗಲಿ ಯಾರಿಗೂ ಅನ್ನಿಸುತ್ತಿರಲಿಲ್ಲ.

ಜಗಳ ಆಗಿದ್ದು ನಿಜ ಅಂತ ಮೇಷ್ಟ್ರು ತಾವಾಗೇ ಒಪ್ಪಿಕೊಂಡರು. ಪರೀಕ್ಷಕರು ಬರುವ ದಿನವೇ ತನಗೆ ರಜೆ ಬೇಕು, ಪಕ್ಕದ ಊರಿಗೆ ಬಂದಿರುವ ನಾಟಕ ಕಂಪನಿಯವರು ತನ್ನ ನಟನೆ ನೋಡೋದಕ್ಕೆ ಕರೆದಿದ್ದಾರೆ ಅಂತ ಗುಬ್ಬಿ ಬಂದು ನಿಂತಳಂತೆ. ಇವರಿಗೆ ಮೈಯೆಲ್ಲ ಉರಿಯಿತು. ಅವತ್ತು ರಂಗದ ಮೇಲೆ ನೀನಿಲ್ಲದಿದ್ದರೆ ಪದವಿಯ ಆಸೆ ಬಿಡು ಅಂದರು. ಅವಳು ಬಂದಳು, ಆಡಿದಳು. ಅಲ್ಲಿಗೆ ತಮ್ಮ ಕೆಲಸ ಮುಗಿಯಿತು. ಆಮೇಲೆ ಎಲ್ಲಿಗೆ ಹೋದಳೋ ದೇವರೇ ಬಲ್ಲ.

“ಬಂದಳು ನಿಜ ಸರ್. ಅರ್ಧ ಆಡಿದಳು. ಎರಡನೇ ಅರ್ಧದಲ್ಲಿ ಮುಖವಾಡದ ಒಳಗಿದ್ದೋಳು ಗುಬ್ಬಿ ಅಲ್ಲ.”

ಮೇಷ್ಟ್ರು ನಕ್ಕರು. ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಇನ್ನೊಂದು ಸಲ ನಕ್ಕರು. ದೊಡ್ಡಮ್ಮ ದನಿಯ ವಿಷಯ ಹೇಳಿದರು. ದೂರ ಹೋದರೂ ಹತ್ತಿರ ಕೇಳಿದ್ದು, ಮೂಟೆ ಎತ್ತಿದರೂ ಉಸಿರು ಅಲುಗದೆ ಇದ್ದದ್ದು. ನಗು ನಿಂತಿತು.

“ನನ್ನ ರಂಗದ ಮೇಲೆ ಟೇಪಿನ ದನಿ?”

“ನಿಮ್ಮ ಕಿವಿಗೂ ಗೊತ್ತಾಗಲಿಲ್ಲ ಸರ್, ನಮ್ಮದಂತೂ ಬಿಡಿ.”

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋದರು. ಅವರ ಹಟ ಬೇರೆಯದೇ ಆಗಿತ್ತು. ಅದು ಗುಬ್ಬಿಯೇ, ಗುಬ್ಬಿಯಲ್ಲದೆ ಇನ್ಯಾರೂ ಆಗಿರಲು ಸಾಧ್ಯವಿಲ್ಲ ಅಂದರು. ಯಾಕೆಂದರೆ ಎರಡನೇ ಅರ್ಧದಂಥ ನಟನೆಯನ್ನು ತಾವು ಪಾಠ ಹೇಳಲು ಶುರು ಮಾಡಿದಾಗಿನಿಂದ ನೋಡಿರಲಿಲ್ಲ. ಪರೀಕ್ಷಕರ ಎದುರಿಗೂ ಹಾಗೇ ಹೇಳಿದ್ದರು.

“ಮೊದಲರ್ಧದಲ್ಲಿ ಆಕೆ ಜಾಣ ಹುಡುಗಿ, ಅಷ್ಟೆ. ಎರಡನೇ ಅರ್ಧದಲ್ಲಿ ಬದುಕು ನೋಡಿದ ಹೆಂಗಸು. ಒಂದು ವಿರಾಮದಲ್ಲಿ ಅಷ್ಟು ಬೆಳೆದಳಲ್ಲ ಅಂತ ನನಗೆ ಕಣ್ಣಲ್ಲಿ ನೀರು ಬಂತು. ನಾನು ಕಲಿಸಿದ್ದು ಕಡೆಗೂ ಒಬ್ಬರ ಮೈಗೆ ಇಳೀತಲ್ಲ ಅಂತ.”

“ಹೆಂಗಸೇ ಇರಬೇಕು ಸರ್,” ಅಂದರು ದೊಡ್ಡಮ್ಮ. “ಯಾರು ಅನ್ನೋದಷ್ಟೇ ಗೊತ್ತಾಗ್ತಿಲ್ಲ.”

ಮೇಷ್ಟ್ರು ಸಿಟ್ಟಿನಲ್ಲಿ ತಿರುಗಿದರು. ಮೊಣಕೈ ತಾಗಿ ಚಹಾದ ಬಟ್ಟಲು ನೆಲಕ್ಕೆ ಬಿತ್ತು. ಚೂರುಗಳು ದಿಕ್ಕಾಪಾಲಾದವು.

ಹೆಂಡತಿ ಬಂದು ಅಲ್ಲೇ ಕೂತರು. ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ಮಡಿಲಿಗೆ ಹಾಕಿಕೊಂಡರು. ಎರಡೂ ಕೈಯಲ್ಲಿ ಮಡಿಲು ಹಿಡಿದುಕೊಂಡು ಎದ್ದರು.

ಕೈ ಊರಲಿಲ್ಲ. ಮೊಣಕಾಲು ಹಿಡಿದುಕೊಳ್ಳಲಿಲ್ಲ. ಹೊಗೆ ಏಳುವ ಹಾಗೆ ಎದ್ದರು.

ಬಿಸಿಲು ಕಿಟಕಿಯಿಂದ ಬಂದು ಆಕೆಯ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಇಷ್ಟು ದಿನ ನೋಡಿಯೂ ನೋಡದ ಮುಖ. ನೆಟ್ಟಗಿನ ಕತ್ತು, ಮಾತು ಬರುವ ಮೊದಲೇ ಮಾತಾಡುವ ಕಣ್ಣು.

“ಕೂತ್ಕೊಳಮ್ಮ,” ಅಂದರು ಮೆತ್ತಗೆ. “ಎಷ್ಟು ವರ್ಷ ರಂಗದ ಮೇಲಿದ್ದೆ?”

ಆಕೆ ಕೂರಲಿಲ್ಲ. ಗಂಡನ ಕಡೆ ನೋಡಿದರು. “ಇವರನ್ನ ಮದುವೆ ಆಗೋ ತನಕ.”

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ನಂಬಿಕೆ ಬರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡರು.

“ನೀನಾ?”

“ಮದುವೆ ನಿಶ್ಚಯವಾದ ಹೊಸತರಲ್ಲಿ ನನ್ನ ಒಂದು ನಾಟಕ ನೋಡಿ ಬಂದು ಹೇಳಿದ್ರಿ, ನಿನಗೆ ನಟನೆ ಒಗ್ಗಲ್ಲ, ಬಿಟ್ಟುಬಿಡು ಅಂತ. ನೀವು ಓದಿಕೊಂಡವರು, ಹೇಳಿದ್ದು ಸರಿ ಇರಬೇಕು ಅಂತ ಬಿಟ್ಟೆ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವಾಗಲೋ ಕಂಡ ಕನಸನ್ನು ಹೇಳುವ ಹಾಗೆ ಹೇಳಿದರು. “ಅವತ್ತು ನಾಟಕ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತು, ಇಂಥ ನಟೀನ ನಾನು ಇದುವರೆಗೂ ನೋಡಿಲ್ಲ ಅಂದ್ರಿ. ನಾನು ಬಡಿಸ್ತಾ ಇದ್ದೆ.”

ಮೇಷ್ಟ್ರು ಕುರ್ಚಿಗೆ ಬಂದು ಕೂತರು. ಈ ಸಲ ರಂಗದ ಮೇಲೆ ಕೂತ ಹಾಗಿರಲಿಲ್ಲ, ವಯಸ್ಸಾದ ಮನುಷ್ಯ ಕೂತ ಹಾಗಿತ್ತು. ಹೆಂಡತಿಯ ಮಡಿಲಿನಲ್ಲಿದ್ದ ಚೂರುಗಳನ್ನು ನೋಡಿ, ಕೈ ಕುಯ್ದುಕೊಂಡೀಯ ಅಂದರು.

ಇದೆಲ್ಲ ಹೇಗಾಯಿತು ಅಂತ ದೊಡ್ಡಮ್ಮ ಕೇಳಿದರು. ಆಕೆ ಎಲ್ಲವನ್ನೂ ಹೇಳಿದರು.

ಜಗಳದ ಮಾರನೆಯ ದಿನ, ಮೇಷ್ಟ್ರಿಲ್ಲದ ಹೊತ್ತಿನಲ್ಲಿ ಗುಬ್ಬಿ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕೂತು ಅತ್ತಳು. ಕಂಪನಿಯವರು ಇನ್ನೊಂದು ದಿನ ಕಾಯುವುದಿಲ್ಲ, ಇಲ್ಲಿ ಮೇಷ್ಟ್ರು ಬಿಡುವುದಿಲ್ಲ. ಎರಡನೇ ಅರ್ಧಕ್ಕೆ ಮುಖವಾಡ ಇದೆಯಲ್ಲ ಅಂತ ಹೇಳಿದವರು ಈಕೆಯೇ. ಹೇಳಿದ ಮೇಲೆ ತಮಗೇ ಎದೆ ಹೊಡೆದುಕೊಂಡಿತಂತೆ. ಆಮೇಲೆ ದಿನಾ ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಟೇಪಿನ ದನಿಗೆ ಮೈ ಹೊಂದಿಸಿಕೊಂಡರು. ಮಾತಿಲ್ಲದ ಜಾಗದಲ್ಲಿ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದೂ ಬಾಯಿಪಾಠವಾಯಿತು.

ನಾಟಕದ ದಿನ ವಿರಾಮದಲ್ಲಿ ಹುಡುಗಿ ಮುಖವಾಡ ಇವರ ಕೈಗೆ ಕೊಟ್ಟು, ಕಾಲು ಮುಟ್ಟಿ, ಹಿಂದಿನ ಬಾಗಿಲಿನಿಂದ ಹೊರಟಳು. ಇವರು ಆಡಿದರು. ಮುಗಿದ ಮೇಲೆ ತಮ್ಮ ಸೀರೆ ಸುತ್ತಿಕೊಂಡು, ವೇಷದ ಬಟ್ಟೆಗಳ ಗಂಟು ಹೊತ್ತುಕೊಂಡು, ಗುಬ್ಬಿ ಗುಬ್ಬಿ ಅಂತ ಹುಡುಕುತ್ತಿದ್ದವರ ನಡುವೆಯೇ ನಡೆದು ಬಂದರು. ಗಂಟು ತುಂಬಾ ಭಾರವಾ ಅಂತ ಕೂಡ ಯಾರೂ ಕೇಳಲಿಲ್ಲ.

“ಇಷ್ಟು ದಿನ ಆದರೂ ಬಾಯಿ ಬಿಡಲಿಲ್ಲವಲ್ಲಮ್ಮ,” ಅಂದರು ದೊಡ್ಡಮ್ಮ. “ಆ ಹುಡುಗಿ ಎಲ್ಲಿದೆಯೋ ಹೇಗಿದೆಯೋ ಅಂತ ಭಯ ಆಗಲಿಲ್ವಾ?”

“ಭಯ ಯಾಕೆ? ಸೇಫಾಗಿ ತಲುಪಿದಳು, ಕಂಪನಿಯವರು ಇಟ್ಟುಕೊಂಡರು, ಸದ್ಯಕ್ಕೆ ಬರಲ್ಲ, ಯಾರಿಗೂ ಹೇಳಬೇಡಿ ಅಂತ ಅವನು ಬಂದು ಹೇಳಿದನಲ್ಲ.”

“ಯಾರು?”

“ಅವಳನ್ನ ಕಾರಲ್ಲಿ ಕರ್ಕೊಂಡು ಹೋದವನು. ನಿಮ್ಮ ಲೆನ್ಸು. ಟೇಪ್ ಹಾಕಿ ಹೋದವನೂ ಅವನೇ. ನಿಮಗೆ ಗೊತ್ತಿರುತ್ತೆ ಅಂತ ನಾನು ತಿಳ್ಕೊಂಡಿದ್ದೆ, ದಿನಾ ನಿಮ್ಮ ಜೊತೆಗೇ ಓಡಾಡ್ತಾನಲ್ಲ.”

ದೊಡ್ಡಮ್ಮ ಎದ್ದರು. ಮಂಡಿ ಚಟಚಟ ಅಂದದ್ದು ಅವರಿಗೆ ಕೇಳಿಸಲಿಲ್ಲ. ಪಕ್ಕದಲ್ಲೇ ಕೂತು, ಹೇಳಿದ್ದೆಲ್ಲ ಹಾಕಿ ತೋರಿಸಿ, ಡಬ್ಬಿಂಗು ಅಂತ ತಾನೇ ಬಾಯಿಬಿಟ್ಟವನು. ಗುಬ್ಬಿ ಎಲ್ಲಿದ್ದಾಳೆ ಅಂತ ಅಕ್ಕ ಎದುರಿಗೇ ಅತ್ತರೂ ಕಲ್ಲಿನ ಹಾಗೆ ಕೂತವನು. ಕಂಪನಿಗೆ ಕರೆದುಕೊಂಡು ಹೋದದ್ದು ನಿಜವಾದರೆ ಮುಚ್ಚಿಡುವಂಥದ್ದೇನಿತ್ತು? ಅವನ ನಾಚಿಕೆಯನ್ನು ನಾಚಿಕೆ ಅಂತಲೇ ನಂಬಿದ ತಮ್ಮ ಮೇಲೆ ತಮಗೇ ಸಿಟ್ಟು ಬಂತು.

ಗೇಟಿಗೆ ಬಂದರು. ಬೀದಿ ಖಾಲಿ.

ಕಾರು ನಿಂತಿದ್ದ ಜಾಗದಲ್ಲಿ ಮರದ ನೆರಳು ಮಾತ್ರ ಆಡುತ್ತಿತ್ತು. ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ಕೇಳಿದರು. ಆಗಲೇ ಹೋಯಿತಲ್ಲ, ಹಿಂದೆ ಕೂತಿದ್ದಾಕೆ ಇಳಿದು ಬಂದು ಮುಂದೆ ಕೂತರು, ಕಾರು ಹೊರಟಿತು ಅಂದಳು ಆಕೆ.

ಲೆನ್ಸುವಿಗೆ ಫೋನ್ ಮಾಡಿದರು. ಗಂಟೆ ಹೊಡೆದು ಹೊಡೆದು ಸುಮ್ಮನಾಯಿತು. ಮತ್ತೆ ಮಾಡಿದರು. ಎತ್ತಲಿಲ್ಲ. ಆ ಹೆಣ್ಣುಮಗಳನ್ನು ಅವನ ಜೊತೆ ಬಿಟ್ಟು ಒಳಗೆ ಹೋದೆನಲ್ಲ ಅಂತ ತಮ್ಮನ್ನೇ ಬೈದುಕೊಂಡರು. ಹಳೆಯ ಠಾಣೆಯ ನಂಬರು ಹುಡುಕುತ್ತಿದ್ದ ಹಾಗೇ ಕೈಯಲ್ಲಿದ್ದ ಫೋನು ನಡುಗಿತು. ಗೊತ್ತಿಲ್ಲದ ನಂಬರು.

“ದೊಡ್ಡಮ್ಮ.”

ಬಿಸಿಲು ಒಂದು ಗಳಿಗೆ ನಿಂತುಬಿಟ್ಟಿತು.

ಗುಬ್ಬಿಯ ದನಿ. ಟೇಪಲ್ಲ. ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿತ್ತು. ಬೇರೆಯವರ ಫೋನಿಂದ ಮಾಡುತ್ತಿದ್ದೇನೆ, ಚೆನ್ನಾಗಿದ್ದೇನೆ, ನಿಮಗೆ ಹೇಳದೆ ಬಂದದ್ದು ತಪ್ಪಾಯಿತು, ಹೇಳುವ ಹಾಗಿರಲಿಲ್ಲ ಅಂದಳು. ಅವತ್ತಿನಿಂದ ಯಾರ ಜೊತೆಗೂ ಮಾತಾಡಿಲ್ಲ, ಲೆನ್ಸುವಿಗೂ ನೀನಾಗಿ ಫೋನ್ ಮಾಡಬೇಡ ಅಂತ ಹೇಳಿ ಕಳಿಸಿದ್ದೆ. ಇವತ್ತು ಯಾಕೋ ಮನಸ್ಸು ತಡೆಯಲಿಲ್ಲ, ಅವನಿಗೆ ಮಾಡಿದರೆ ಎತ್ತುತ್ತಿಲ್ಲ, ನಿಮ್ಮ ಜೊತೆ ಇದ್ದಾನಾ ಅಂತ ಕೇಳಿದಳು.

ಎಲ್ಲಿದ್ದೀಯ ಮಗಳೇ ಅಂದರು ದೊಡ್ಡಮ್ಮ. ಗುಬ್ಬಿ ಬೇರೆಯದೇ ಕೇಳಿದಳು.

“ದೊಡ್ಡಮ್ಮ, ನಾನು ಬಂದ ಮೇಲೆ ನನ್ನ ಕೇಳ್ಕೊಂಡು ಅಲ್ಲಿಗೆ ಯಾರಾದ್ರೂ ಬಂದಿದ್ರಾ?”

“ಇನ್ಯಾರು ಬರ್ತಾರೆ, ನಿಮ್ಮಕ್ಕ. ಪಾಪ, ಅತ್ತು ಅತ್ತು ಸೊರಗಿಹೋಗಿದಾಳೆ. ನಮ್ಮನೇಲೇ ಇಟ್ಕೊಂಡಿದೀನಿ. ಈಗ ಅವಳೂ ಲೆನ್ಸು ಜೊತೆ ಕಾರಲ್ಲಿ ಎಲ್ಲೋ ಹೋಗಿದಾಳೆ, ನಿನ್ನ ಹತ್ರಾನೇ ಬರ್ತಿದಾರೋ ಏನೋ.”

ಆ ಕಡೆ ಏದುಸಿರು ಕೂಡ ನಿಂತುಹೋಯಿತು.

“ದೊಡ್ಡಮ್ಮ,” ಅಂದಳು ಗುಬ್ಬಿ, ಕಿವಿಯ ಪಕ್ಕದಲ್ಲೇ ಕೂತ ಹಾಗೆ. “ನನಗೆ ಅಕ್ಕ ಇಲ್ಲ.”